ಅಕ್ಕನಿಗೆ ಬರೀ ಡಮ್ಮಿ ಮಾತ್ರೆ ಕೊಟ್ಟುಬಿಟ್ಟರೆ?

ಪ್ರಶ್ನೆ: ನಮ್ಮ ಅಕ್ಕನಿಗೆ 56 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ರಿಪೋರ್ಟಿನಲ್ಲಿ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ, ಹರ್-2 ಅನ್ನೋ ಪ್ರೋಟೀನ್ ಹೆಚ್ಚಿಲ್ಲ) ಅಂತ ಇದೆ. ಹಾರ್ಮೋನ್ ತಗ್ಗಿಸುವ ಲೆಟ್ರೋಜೋಲ್, ಕ್ಯಾನ್ಸರ್ ಕೋಶ ಬೆಳೆಯದಂತೆ ತಡೆಯುವ ಪಾಲ್ಬೋಸಿಕ್ಲಿಬ್ ಜೊತೆ ಮೂರನೇ ಮಾತ್ರೆ ಸೇರಿಸಿ ನೋಡುವ ಟ್ರಯಲ್‌ಗೆ ಸೇರ್ತೀರಾ ಅಂತ ಡಾಕ್ಟರ್ ಕೇಳಿದ್ದಾರೆ. ಕೆಲವರಿಗೆ ಔಷಧವೇ ಇಲ್ಲದ ಡಮ್ಮಿ ಮಾತ್ರೆ ಕೊಡ್ತಾರಂತೆ. ಮನೆಯವರೆಲ್ಲ ಬೇಡ ಅಂತಿದ್ದಾರೆ.
— ಓದುಗರು, ಹಾಸನ

ಉತ್ತರ: ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಡಮ್ಮಿ ಬರುವುದು ಸಾಮಾನ್ಯವಾಗಿ ಆ ಮೂರನೇ ಮಾತ್ರೆಯ ಜಾಗಕ್ಕೆ ಮಾತ್ರ. ಮೊದಲಿನ ಎರಡು ಎಲ್ಲರಿಗೂ ಸಿಗುತ್ತವಾ ಅಂತ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತಲೂ ಕೇಳಿ, ಬಿಡಬೇಡಿ.

ಪಾಲ್ಬೋಸಿಕ್ಲಿಬ್ ಕೂಡ ಹೀಗೆ ಪರೀಕ್ಷೆಯಾಗಿಯೇ ಬಂದದ್ದು. 2016ರಲ್ಲಿ ಫಲಿತಾಂಶ ಬಂದ ಪಲೋಮಾ-2 ಟ್ರಯಲ್‌ನಲ್ಲಿ 666 ಹೆಂಗಸರಿದ್ದರು. ಎಲ್ಲರಿಗೂ ಲೆಟ್ರೋಜೋಲ್ ಇತ್ತು, ಮೂರರಲ್ಲಿ ಇಬ್ಬರಿಗೆ ಪಾಲ್ಬೋಸಿಕ್ಲಿಬ್ ಸೇರಿಸಿದರು, ಉಳಿದವರಿಗೆ ಡಮ್ಮಿ. ಕಾಯಿಲೆ ಮುಂದುವರಿಯದೆ ನಿಂತ ಅವಧಿ, ಮೀಡಿಯನ್ ಲೆಕ್ಕದಲ್ಲಿ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ), 14.5 ತಿಂಗಳಿಂದ 24.8ಕ್ಕೆ ಏರಿತು. ಜೊತೆಗೆ ಹೆಚ್ಚಿನವರಲ್ಲಿ ಬಿಳಿರಕ್ತಕಣ ತುಂಬಾ ಇಳಿಯಿತು. ಮೂರು ವಾರ ಮಾತ್ರೆ, ಒಂದು ವಾರ ಬಿಡುವು, ನಡುನಡುವೆ ರಕ್ತಪರೀಕ್ಷೆ, ಇದೆಲ್ಲ ಅದಕ್ಕೇ.

ಇಲ್ಲೊಂದು ವಿಷಯ ಜಾಸ್ತಿ ಜನ ಕೇಳುವುದೇ ಇಲ್ಲ. ಕಾಯಿಲೆ ತಡೆದು ನಿಲ್ಲಿಸುವುದು ಬೇರೆ, ಆಯಸ್ಸು ಹೆಚ್ಚುವುದು ಬೇರೆ. ಪಲೋಮಾ-2ರಲ್ಲೇ ಒಟ್ಟು ಬದುಕಿದ ಅವಧಿ 53.9 ತಿಂಗಳು, ಡಮ್ಮಿ ಗುಂಪಿನಲ್ಲಿ 51.2. ಇದನ್ನು ನಿಜವಾದ ವ್ಯತ್ಯಾಸ ಅಂತ ಹೇಳುವ ಹಾಗಿಲ್ಲ. ಅದೇ ಜಾತಿಯ ರೈಬೋಸಿಕ್ಲಿಬ್ ಸೇರಿಸಿದ ಮೊನಲೀಸಾ-2 ಟ್ರಯಲ್‌ನಲ್ಲಿ ಮಾತ್ರ 51.4 ತಿಂಗಳು 63.9 ಆಯಿತು. ಹಾಗಾಗಿ ಈ ಟ್ರಯಲ್ ಯಾವುದನ್ನು ಅಳೆಯುತ್ತಿದೆ ಅಂತ ಕೇಳಲೇಬೇಕು. ಮೂರನೇ ಮಾತ್ರೆ ಸೇರಿದಾಗ ಅಡ್ಡಪರಿಣಾಮವೂ ಸೇರುತ್ತದೆ, ಅಲ್ವಾ? ಭೇದಿಯೋ, ಸಕ್ಕರೆ ಏರುವುದೋ, ಬಾಯಿಹುಣ್ಣೋ, ಏನೇನು ನಿರೀಕ್ಷೆ ಇದೆ ಅಂತ ಬಿಡಿಸಿ ಹೇಳಿಸಿಕೊಳ್ಳಿ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಕೊಡಿ ಅನ್ನಿ, ಮನೆಗೆ ತಂದು ಓದಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮವಿದೆ. ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ದಾಖಲೆಪಟ್ಟಿ) ನೋಂದಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಮನೆಯವರೆಲ್ಲ ಬೇಡ ಅಂದರು ಅಂತ ಬರೆದಿದ್ದೀರಿ, ಅಕ್ಕ ಏನಂದರು ಅಂತ ಬರೆದೇ ಇಲ್ಲ! ಮೊದಲು ಅವರನ್ನು ಕೇಳಿ. ಅವರು ಬಿಪಿ ಮಾತ್ರೆ, ಕಷಾಯ, ಲೇಹ್ಯ ಏನು ತಗೊಳ್ತಿದ್ದರೂ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ, ಕೆಲವು ಈ ಮಾತ್ರೆಗಳ ಜೊತೆ ಸರಿಹೋಗುವುದಿಲ್ಲ.