ಸೇರಿನ ಲೆಕ್ಕ ಬರುತ್ತೆ, ಬೋರ್ಡಿನ ಲೆಕ್ಕ ಬರಲ್ಲ

ಪ್ರಶ್ನೆ: ಮಂಡಕ್ಕಿ ಭಟ್ಟಿಗಳ ಪಕ್ಕದ ಸರ್ಕಾರಿ ಶಾಲೆ ನಮ್ಮದು. ನಾಲ್ಕನೇ ತರಗತಿಯ ಹುಡುಗನೊಬ್ಬ ಸೇರಿಗೆ 12 ರೂಪಾಯಿಯಂತೆ ಮೂರು ಸೇರು ಅಳೆದು, ಐವತ್ತರ ನೋಟಿಗೆ 14 ರೂಪಾಯಿ ಚಿಲ್ಲರೆ ತಪ್ಪದೆ ಕೊಡುತ್ತಾನೆ. ಅದೇ ಹುಡುಗ 42ರಲ್ಲಿ 17 ಕಳೆ ಎಂದರೆ 35 ಬರೆಯುತ್ತಾನೆ. ಗಣಿತದ ಪೀರಿಯಡ್ ಬಂತೆಂದರೆ ನೀರು ಕುಡಿಯೋಕೆ ಹೋಗುವ ನೆಪ. ಆಸಕ್ತಿ ಹುಟ್ಟಿಸುವುದು ಹೇಗೆ?
— ಅತಿಥಿ ಶಿಕ್ಷಕಿ, ದಾವಣಗೆರೆ

ಉತ್ತರ: ಆಸಕ್ತಿಯ ಮಾತು ಆಮೇಲೆ. ಮೊದಲು ಆ 35 ಎಲ್ಲಿಂದ ಬಂತು ನೋಡಿ. 4ರಲ್ಲಿ 1 ಹೋದರೆ 3. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಕೇಳಿದ್ದನ್ನು ನಿಷ್ಠೆಯಿಂದ ಪಾಲಿಸಿದ್ದಾನೆ ಪಾಪ.

ಇವನೊಬ್ಬನ ಕತೆಯಲ್ಲ ಇದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ಕೂರುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಸಂತೆಯಲ್ಲಿ ಚುರುಕಾದವರು ಶಾಲೆಯ ಲೆಕ್ಕದಲ್ಲಿ ತಡವರಿಸಿದರು. ವ್ಯಾಪಾರಕ್ಕೆ ಕೂರದ, ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು.

ನಿಮ್ಮ ಹುಡುಗ ಚಿಲ್ಲರೆ ಕೊಡುವಾಗ ಬಹುಶಃ ಕಳೆಯುವುದೇ ಇಲ್ಲ, ಕೂಡಿಸುತ್ತಾ ಹೋಗುತ್ತಾನೆ: 36ರಿಂದ 40ಕ್ಕೆ 4, 40ರಿಂದ 50ಕ್ಕೆ 10, ಒಟ್ಟು 14. ಅದನ್ನೇ ಬೋರ್ಡಿಗೆ ತನ್ನಿ. 17ರಿಂದ 20ಕ್ಕೆ 3, 20ರಿಂದ 40ಕ್ಕೆ 20, 40ರಿಂದ 42ಕ್ಕೆ 2, ಒಟ್ಟು 25. ಅವನ ಬಾಯಿಂದಲೇ ಹೇಳಿಸಿ, ನೀವು ಬರೆಯಿರಿ, ಪಕ್ಕದಲ್ಲಿ ಅವನ ಹೆಸರು ಹಾಕಿ. ಪುಸ್ತಕದ ಕ್ರಮವಲ್ಲ ಎಂದು ಅಳಿಸಬೇಡಿ.

ಪುಸ್ತಕದ ಕ್ರಮಕ್ಕೆ ಕಸಬರಿಗೆ ಕಡ್ಡಿ ಸಾಕು. ಐದು ಮಕ್ಕಳ ಗುಂಪಿಗೆ ಬೆರಳುದ್ದದ 50 ಕಡ್ಡಿ, ಐದು ರಬ್ಬರ್ ಬ್ಯಾಂಡ್. ಹತ್ತು ಹತ್ತರ ಕಟ್ಟನ್ನು ಮಕ್ಕಳೇ ಎಣಿಸಿ ಕಟ್ಟಬೇಕು. ನೀವು ಕಟ್ಟಿಕೊಟ್ಟರೆ ಅದು ಅವರಿಗೆ ಹತ್ತಲ್ಲ, ಒಂದು ಕಟ್ಟು ಅಷ್ಟೇ. ಕಟ್ಟಿದ್ದನ್ನು ಪಕ್ಕದ ಗುಂಪು ಎಣಿಸಿ ನೋಡಲಿ. ಒಂಬತ್ತೋ ಹನ್ನೊಂದೋ ಇದ್ದರೆ ಮುಂದಿನದೆಲ್ಲ ಕೆಡುತ್ತದೆ. 42 ಎಂದರೆ ನಾಲ್ಕು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕು, ಇರುವುದು ಎರಡೇ. ಒಂದು ಕಟ್ಟು ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಒಂದು ಕಟ್ಟು ಕೊಟ್ಟರೆ ಎರಡು ಉಳಿಯಿತು.

‘ದಶಕದಿಂದ ಸಾಲ ತಗೋ’ ಎನ್ನುವ ಮಾತನ್ನು ಮಾತ್ರ ಬಿಡಿ. ಸಾಲ ಎಂದರೆ ತೀರಿಸಬೇಕು ಎಂದು ಆ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ‘ಹತ್ತರ ನೋಟಿಗೆ ಚಿಲ್ಲರೆ ಮಾಡಿಸು’ ಎನ್ನಿ.

ಮೊದಲ ನಾಲ್ಕೈದು ದಿನ ಬರೀ ಕಡ್ಡಿ. ಆಮೇಲೆ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಪೆನ್ಸಿಲ್: ಕಟ್ಟು ಬಿಚ್ಚಿದ ಕೂಡಲೇ 4 ಹೊಡೆದು 3 ಬರೆಯುವುದು. ನಂತರ ಕಟ್ಟಿಗೆ ಗೆರೆ, ಬಿಡಿಗೆ ಚುಕ್ಕೆ. ಕೊನೆಗೆ ಅಂಕಿ ಮಾತ್ರ. ಸಾಮಾನ್ಯವಾಗಿ ತಪ್ಪುವುದು ಎರಡನೇ ಹಂತದಲ್ಲಿ. ಕಡ್ಡಿ ಒಂದು ದಿನ, ಬರವಣಿಗೆ ಇನ್ನೊಂದು ದಿನ ಮಾಡಿಸಿದರೆ ಎರಡೂ ಒಂದೇ ಲೆಕ್ಕ ಎನ್ನುವುದು ಮಗುವಿಗೆ ಹೊಳೆಯುವುದೇ ಇಲ್ಲ.

ಶುರುವಿಗೆ ಮುನ್ನ ಚೀಟಿಯಲ್ಲಿ ನಾಲ್ಕು ಲೆಕ್ಕ ಕೊಟ್ಟು ನೋಡಿ: 8−3, 15−7, 46−12, 50−23. 15−7ಕ್ಕೆ 9 ಬಂದರೆ ಮಗು ಹಿಂದಕ್ಕೆ ಎಣಿಸುವಾಗ 15ನ್ನೂ ಸೇರಿಸಿಕೊಂಡಿದೆ. ಅದಕ್ಕೆ ಇನ್ನೂ ಕಟ್ಟಿನ ಪಾಠ ಬೇಡ. ಕೊನೆಯದಕ್ಕೆ 33 ಬಂದರೆ ನಿಮ್ಮ ಹುಡುಗನದೇ ಕಾಯಿಲೆ.

ಪ್ರಶ್ನೆ: ನಾನು ಶಾಲೆಗೆ ಹೋದವಳಲ್ಲ, ಈ ಪತ್ರ ಅಕ್ಕನ ಮಗಳ ಕೈಲಿ ಬರೆಸಿದ್ದು. ನನ್ನ ಮಗಳು ಮಗ್ಗಿ ಪಟಪಟ ಹೇಳುತ್ತಾಳೆ, ನಡುವೆ ಏಳೆಂಟ್ಲ ಎಷ್ಟೆಂದರೆ ಮತ್ತೆ ಏಳೊಂದ್ಲ ಏಳರಿಂದ ಶುರು. ನಾನೇನು ಮಾಡಲಿ?
— ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಒಂದು ಹಿಡಿ ಶೇಂಗಾ ತನ್ನಿ ತಾಯಿ. ಸಾಲಿಗೆ ಏಳರಂತೆ ಎಂಟು ಸಾಲು ಇಡಿಸಿ. ನಾಲ್ಕು ಸಾಲಾದ ಮೇಲೆ ನಡುವೆ ಒಂದು ಕಡ್ಡಿ ಅಡ್ಡ ಇಡಿ. ಮೇಲೆ 28, ಕೆಳಗೆ 28, ಕೂಡಿದರೆ 56. ಉತ್ತರ ಸರಿಯೋ ತಪ್ಪೋ ತಿಳಿಯಲು ನಿಮಗೆ ಓದು ಬೇಕಿಲ್ಲ, ‘ಎಣಿಸಿ ತೋರಿಸು’ ಎಂದರಾಯಿತು.

ಹತ್ತರವರೆಗಿನ ಮಗ್ಗಿಯಲ್ಲಿ ನೂರು ಲೆಕ್ಕ ಕಂಡರೂ 1, 2, 5, 10ರವು ಸುಲಭ. ಮೂರೇಳು, ಏಳ್ಮೂರು ಎರಡೂ ಒಂದೇ. ಹೀಗೆ ತೆಗೆಯುತ್ತಾ ಹೋದರೆ ನಿಜಕ್ಕೂ ಕಲಿಯಬೇಕಾದ್ದು 21 ಮಾತ್ರ. ದಿನಕ್ಕೆ ಎರಡು, ಊಟಕ್ಕೆ ಮುಂಚೆ ಹತ್ತು ನಿಮಿಷ, ನಿದ್ದೆಗಣ್ಣಿನಲ್ಲಿ ಬೇಡ. ಹಿಂದಿನ ದಿನದ ಎರಡನ್ನು ಮೊದಲು ಕೇಳಿ, ಕ್ರಮ ತಪ್ಪಿಸಿ ಕೇಳಿ. ‘ನನಗೂ ಲೆಕ್ಕ ತಲೆಗೆ ಹತ್ತಲಿಲ್ಲ, ನಿನಗೆಲ್ಲಿ’ ಎನ್ನುವ ಮಾತು ಮನೆಯಲ್ಲಿ ಬೇಡ. ಸಂಘದ ಕಂತು, ಬಡ್ಡಿ ಬಾಯಲ್ಲೇ ಹೇಳುತ್ತೀರಲ್ಲ, ಅದು ಲೆಕ್ಕವಲ್ಲದೆ ಮತ್ತೇನು? ಅವಳೆದುರಿಗೇ ಹೇಳಿ.

ಪ್ರಶ್ನೆ: ಸರಿ ಲೆಕ್ಕಕ್ಕೊಂದು ಚಾಕಲೇಟ್ ಕೊಡುತ್ತಿದ್ದೆ. ಈಗ ಚಾಕಲೇಟ್ ಇಲ್ಲದಿದ್ದರೆ ಮಕ್ಕಳು ಪುಸ್ತಕ ತೆಗೆಯುವುದಿಲ್ಲ.
— ಶಿಕ್ಷಕ, ಜಗಳೂರು

ಉತ್ತರ: ನಿಲ್ಲಿಸಿ, ಹತ್ತಿರದ ಗುರಿ ಕೊಡಿ. 1981ರಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕದಲ್ಲಿ ತೀರಾ ಹಿಂದಿದ್ದ ಮಕ್ಕಳಿಗೆ ಏಳು ದಿನಕ್ಕೆ 42 ಪುಟ ಕೊಟ್ಟರು. ‘ಕೊನೆಗೆ 42 ಮುಗಿಸಿ’ ಎನಿಸಿಕೊಂಡವರಿಗಿಂತ ‘ದಿನಕ್ಕೆ ಆರು ಪುಟ’ ಎನಿಸಿಕೊಂಡವರು ಮುಂದೆ ಹೋದರು. ನಮ್ಮಿಂದ ಆಗುತ್ತದೆ ಎಂಬ ನಂಬಿಕೆಯೂ, ಹೇಳದಿದ್ದರೂ ಲೆಕ್ಕ ಮಾಡುವ ಆಸೆಯೂ ಅವರಲ್ಲೇ ಹೆಚ್ಚಿತು. ನಿಮ್ಮಲ್ಲಿ ದಿನಕ್ಕೆ ಆರು ಲೆಕ್ಕ ಸಾಕು: ನಾಲ್ಕು ಮಗುವಿಗೆ ಬರುವಂಥವು, ಎರಡು ಸ್ವಲ್ಪ ತಿಣುಕುವಂಥವು. ಮುಗಿಸಿದ್ದನ್ನು ಮಗುವೇ ಗೋಡೆಯ ಹಾಳೆಯಲ್ಲಿ ಗೆರೆ ಎಳೆದು ಗುರುತಿಸಲಿ. ಒಬ್ಬೊಬ್ಬರಿಗೂ ಬೇರೆ ಹಾಳೆ ಇರಲಿ. ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿದ್ದರೆ ಕೊನೆಯಲ್ಲಿರುವವನು ಮತ್ತೆ ನೀರು ಕುಡಿಯಲು ಎದ್ದು ಹೋಗುತ್ತಾನೆ.