ಪದರ ಏರಿದಂತೆ ಪ್ರಿವ್ಯೂ ಮುಗ್ಗರಿಸಿದರೆ: ವಿಡಿಯೊ ಎಡಿಟಿಂಗ್ ಪ್ರಶ್ನೋತ್ತರ

ಪ್ರಶ್ನೆ: ಒಂದೇ ಟ್ರ್ಯಾಕ್ (ಪದರ) ಇದ್ದಾಗ ವಿಡಿಯೊ ಸರಾಗವಾಗಿ ಓಡುತ್ತದೆ. ಅದರ ಮೇಲೆ ಮೂರು ಟ್ರ್ಯಾಕ್‌ಗಳಲ್ಲಿ 4ಕೆ ಕ್ಲಿಪ್‌ಗಳನ್ನು ಚಿಕ್ಕದಾಗಿಸಿ ಮೂಲೆಗಳಲ್ಲಿ ಇಟ್ಟರೆ ತಡವರಿಸುತ್ತದೆ. ಮೂರೂ ಸೇರಿದರೂ ಪರದೆಯ ಕಾಲುಭಾಗ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೆ?

ಈಗಲೇ ಬೇಡ. ಚಿತ್ರ ಪರದೆಯ ಮೇಲೆ ಎಷ್ಟು ಜಾಗ ಹಿಡಿದಿದೆ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಾಫ್ಟ್‌ವೇರ್ ಮೊದಲು ಕ್ಲಿಪ್‌ನ ಪೂರ್ತಿ ಫ್ರೇಮನ್ನು ಡಿಕೋಡ್ ಮಾಡುತ್ತದೆ, ಅಂದರೆ ಕುಗ್ಗಿಸಿಟ್ಟ ಫೈಲನ್ನು ಚಿತ್ರವಾಗಿ ಬಿಚ್ಚುತ್ತದೆ, ಆಮೇಲಷ್ಟೇ ಕುಗ್ಗಿಸುತ್ತದೆ. ಹಾಗಾಗಿ ಮೂಲೆಯಲ್ಲಿ ಬೆರಳಗಲ ಕಾಣುವ 4ಕೆ ಕ್ಲಿಪ್ಪೂ ಡಿಕೋಡರ್‌ಗೆ ಪೂರ್ತಿ 4ಕೆ ಕ್ಲಿಪ್ಪೇ. ನಿಮ್ಮ ಟೈಮ್‌ಲೈನ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕು ವಿಡಿಯೊಗಳು ಬಿಚ್ಚಿಕೊಳ್ಳುತ್ತಿವೆ.

ಅದರಲ್ಲೂ ಫೋನ್, ಕ್ಯಾಮೆರಾಗಳ ಎಚ್.264 ಮತ್ತು ಎಚ್.265 ಫೈಲ್‌ಗಳಲ್ಲಿ ಎಲ್ಲ ಫ್ರೇಮ್‌ಗಳೂ ಪೂರ್ಣವಾಗಿ ಇರುವುದಿಲ್ಲ. ಒಂದು ಪೂರ್ಣ ಫ್ರೇಮ್, ನಂತರದವುಗಳಲ್ಲಿ ಬದಲಾವಣೆಯ ವಿವರ ಮಾತ್ರ. ನಡುವಿನ ಒಂದು ಫ್ರೇಮ್ ಬೇಕೆಂದರೆ ಅದು ಆಧರಿಸಿರುವ ಫ್ರೇಮ್‌ಗಳನ್ನೂ ಬಿಚ್ಚಬೇಕು. ನೋಡಲು ಹಗುರವಾಗಿರುವ ಈ ಫೈಲ್‌ಗಳೇ ಎಡಿಟಿಂಗ್‌ನಲ್ಲಿ ಭಾರ. ಬಿಚ್ಚಿದ ಮೇಲಿನ ಗಾತ್ರವೂ ಸಣ್ಣದಲ್ಲ: 1920×1080ರ ಒಂದು ಫ್ರೇಮ್ 8 ಬಿಟ್‌ನಲ್ಲಿ, ಪಾರದರ್ಶಕತೆಯ ಚಾನೆಲ್ ಸೇರಿ, ಸುಮಾರು 8.3 ಎಂಬಿ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಪದರಕ್ಕೇ 207 ಎಂಬಿ. 4ಕೆ, ಅಂದರೆ 3840×2160ಕ್ಕೆ ಇದರ ನಾಲ್ಕು ಪಟ್ಟು.

ಏನನ್ನಾದರೂ ಕೊಳ್ಳುವ ಮುನ್ನ ದೋಷ ಎಲ್ಲಿದೆ ಎಂದು ಪತ್ತೆಹಚ್ಚಿ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಎಲ್ಲ ಎಫೆಕ್ಟ್‌ಗಳನ್ನು ಒಟ್ಟಿಗೆ ನಿಲ್ಲಿಸುವ ‘ಗ್ಲೋಬಲ್ ಎಫ್‌ಎಕ್ಸ್ ಮ್ಯೂಟ್’ ಬಟನ್ ಇದೆ. ಅದನ್ನು ಒತ್ತಿದೊಡನೆ ಪ್ರಿವ್ಯೂ ಸರಾಗವಾದರೆ ಹೊರೆ ಎಫೆಕ್ಟ್‌ಗಳದ್ದು. ಆಗಲೂ ಮುಗ್ಗರಿಸಿದರೆ ಡಿಕೋಡಿಂಗ್ ಅಥವಾ ಡಿಸ್ಕ್. ಬಳಿಕ ಟ್ರ್ಯಾಕ್‌ಗಳ ಕಣ್ಣಿನ ಗುರುತನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಯಾವುದನ್ನು ಆಫ್ ಮಾಡಿದಾಗ ಸರಿಹೋಯಿತೋ ಅಲ್ಲಿದೆ ಕಳ್ಳ. ಒಂದೇ ಕ್ಲಿಪ್‌ನ ಮೇಲೆ ಅನುಮಾನವಿದ್ದರೆ ಇಡೀ ಟ್ರ್ಯಾಕ್ ಮುಟ್ಟಬೇಕಿಲ್ಲ: ಕ್ಲಿಪ್ ಆರಿಸಿ ದಾವಿಂಚಿ ರಿಸಾಲ್ವ್‌ನಲ್ಲಿ ‘ಡಿ’, ಫೈನಲ್ ಕಟ್ ಪ್ರೊದಲ್ಲಿ ‘ವಿ’ ಒತ್ತಿದರೆ ಅದೊಂದೇ ನಿಷ್ಕ್ರಿಯವಾಗುತ್ತದೆ.

ಹೊರೆ ಎಫೆಕ್ಟ್‌ಗಳದ್ದಾದರೆ ಪ್ಲೇಬ್ಯಾಕ್ ರೆಸಲ್ಯೂಶನ್ನನ್ನು 1/2 ಅಥವಾ 1/4ಕ್ಕೆ ಇಳಿಸಿ. ಅಷ್ಟಕ್ಕೂ ಬಗ್ಗದಿದ್ದರೆ ಆ ಭಾಗಕ್ಕೆ ಇನ್, ಔಟ್ ಗುರುತು ಹಾಕಿ ಪ್ರಿವ್ಯೂ ರೆಂಡರ್ ಮಾಡಿ, ಅಂದರೆ ಮೊದಲೇ ಲೆಕ್ಕಹಾಕಿ ಫೈಲ್ ಆಗಿ ಉಳಿಸಿ. ಪದರಗಳ ಜೋಡಣೆ ಒಂದು ಹಂತಕ್ಕೆ ನಿಂತ ಮೇಲೆ ರೆಂಡರ್ ಮಾಡುವುದು ಜಾಣತನ. ಒಂದು ಪದರವನ್ನು ಚೂರು ಸರಿಸಿದರೂ ಅಷ್ಟು ಭಾಗದ ರೆಂಡರ್ ವ್ಯರ್ಥ.

ಡಿಕೋಡಿಂಗ್‌ನದೇ ತೊಂದರೆಯಾದರೆ ರೆಸಲ್ಯೂಶನ್ ಇಳಿಸಿ ಹೆಚ್ಚು ಲಾಭವಿಲ್ಲ, ಪ್ರಾಕ್ಸಿ (ಎಡಿಟಿಂಗ್ ಹೊತ್ತಿಗೆ ಮೂಲದ ಬದಲು ಬಳಸುವ ಹಗುರ ಪ್ರತಿ) ಬೇಕು. 3840×2160ರ ಕ್ಲಿಪ್‌ಗೆ 1920×1080 ಅಥವಾ 1280×720ರ ಪ್ರಾಕ್ಸಿ ಸಾಕು. ಅಗಲ-ಎತ್ತರದ ಅನುಪಾತ ಮಾತ್ರ ಬದಲಾಗಬಾರದು. ಪ್ರೋರೆಸ್ ಪ್ರಾಕ್ಸಿಯಂತಹ, ಪ್ರತಿ ಫ್ರೇಮೂ ಸ್ವತಂತ್ರವಾಗಿರುವ ಕೊಡೆಕ್ (ವಿಡಿಯೊವನ್ನು ಕುಗ್ಗಿಸುವ ವಿಧಾನ) ಆಯ್ದುಕೊಳ್ಳಿ. 1080ರಲ್ಲಿ, ಸೆಕೆಂಡಿಗೆ 29.97 ಫ್ರೇಮ್‌ಗೆ, ಇದು ಸೆಕೆಂಡಿಗೆ ಸುಮಾರು 45 ಮೆಗಾಬಿಟ್. ಗಂಟೆಗೆ 20 ಜಿಬಿ ಜಾಗ ಇಟ್ಟುಕೊಳ್ಳಿ. ಕೆಡೆನ್‌ಲೈವ್‌ನಂತಹ ಉಚಿತ ಸಾಫ್ಟ್‌ವೇರ್‌ನಲ್ಲೂ ಪ್ರಾಕ್ಸಿ ಸೌಲಭ್ಯವಿದೆ. ಮೂಲೆಯ ಚೌಕಟ್ಟಿನಲ್ಲಷ್ಟೇ ಕಾಣುವ ಕ್ಲಿಪ್‌ಗಳಿಗಂತೂ ಪ್ರಾಕ್ಸಿ ಮಾಡದೆ ಇರಲು ಕಾರಣವೇ ಇಲ್ಲ.

ಒಂದು ಎಚ್ಚರಿಕೆ: ಹಸಿರು ಪರದೆ ತೆಗೆದ ಅಂಚು ಚೆನ್ನಾಗಿ ಬಂದಿದೆಯೇ ಎಂದು 1/4ರಲ್ಲಿ ನೋಡಿ ತೀರ್ಮಾನಿಸಬೇಡಿ. ಕೂದಲಿನ ಎಳೆಗಳು ಅಲ್ಲಿ ಸುಳ್ಳು ಹೇಳುತ್ತವೆ. ಪ್ರೀಮಿಯರ್‌ನಲ್ಲಿ ನಿಲ್ಲಿಸಿದಾಗಿನ ರೆಸಲ್ಯೂಶನ್ ಬೇರೆಯೇ ಇದೆ. ಅದನ್ನು ‘ಫುಲ್’ ಮಾಡಿ, ಪ್ರಾಕ್ಸಿಯನ್ನೂ ಆಫ್ ಮಾಡಿ, ಫ್ರೇಮ್ ನಿಲ್ಲಿಸಿ ನೋಡಿ.

ಪ್ರಶ್ನೆ: ಪ್ರಾಕ್ಸಿ ಮಾಡಿದ ಮೇಲೆ ಪಾರದರ್ಶಕವಾಗಿದ್ದ ಲೋಗೊ ಅನಿಮೇಶನ್‌ನ ಹಿಂದೆ ಕಪ್ಪು ಬಂದು ಕೆಳಗಿನ ಟ್ರ್ಯಾಕ್ ಮುಚ್ಚಿಹೋಗಿದೆ.

ಪ್ರಾಕ್ಸಿಯ ಕೊಡೆಕ್‌ನಲ್ಲಿ ಆಲ್ಫಾ (ಪಾರದರ್ಶಕತೆಯ) ಚಾನೆಲ್ ಇಲ್ಲ. ಪ್ರೋರೆಸ್ 4444ರಲ್ಲಿ ಅದು ಉಳಿಯುತ್ತದೆ, ಸಾಮಾನ್ಯ ಎಚ್.264ರಲ್ಲಿ, ಪ್ರೋರೆಸ್ ಪ್ರಾಕ್ಸಿಯಲ್ಲಿ ಉಳಿಯದು. ಲೋಗೊ, ಶೀರ್ಷಿಕೆಗಳ ಪ್ರಾಕ್ಸಿಯನ್ನು ಕಳಚಿ ಮೂಲ ಫೈಲನ್ನೇ ಬಳಸಿ, ಅವು ಸಾಮಾನ್ಯವಾಗಿ ಅಷ್ಟು ಭಾರವಿರುವುದಿಲ್ಲ. ಪಾರದರ್ಶಕತೆ ಇದ್ದೂ ಅಂಚಿನಲ್ಲಿ ತೆಳು ಕಪ್ಪು ಗೆರೆ ಮಾತ್ರ ಕಂಡರೆ ಅದು ಬೇರೆ ರೋಗ: ಪ್ರೀಮಲ್ಟಿಪ್ಲೈಡ್ (ಅಂಚಿನ ಬಣ್ಣದಲ್ಲಿ ಕಪ್ಪು ಮೊದಲೇ ಬೆರೆತ) ಆಲ್ಫಾವನ್ನು ಸಾಫ್ಟ್‌ವೇರ್ ಸ್ಟ್ರೇಟ್ (ಏನೂ ಬೆರೆಯದ್ದು) ಎಂದು ಓದುತ್ತಿದೆ. ರಿಸಾಲ್ವ್‌ನ ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಆಲ್ಫಾ ಮೋಡ್ ಬದಲಿಸಿದರೆ ಗೆರೆ ಹೋಗುತ್ತದೆ.

ಪ್ರಶ್ನೆ: ಬೆಳಕಿನ ಕಿರಣದ ಕ್ಲಿಪ್‌ಗೆ, ಕಪ್ಪನ್ನು ಮರೆಮಾಡಿ ಬೆಳಕನ್ನಷ್ಟೇ ಬೆರೆಸುವ ಸ್ಕ್ರೀನ್ ಬ್ಲೆಂಡ್ ಮೋಡ್ ಹಾಕಿದ್ದೆ, ಚೆನ್ನಾಗಿತ್ತು. ಟ್ರ್ಯಾಕ್‌ಗಳು ಹೆಚ್ಚಾದವೆಂದು ಅದನ್ನು ನೆಸ್ಟ್ ಮಾಡಿದೆ (ಬೇರೆ ಟೈಮ್‌ಲೈನ್‌ನೊಳಗಿಟ್ಟು ಒಂದೇ ಕ್ಲಿಪ್‌ನಂತೆ ಬಳಸಿದೆ). ಈಗ ಹಿಂದಿನ ಚಿತ್ರವೇ ಕಾಣದೆ ಕಪ್ಪಾಗಿದೆ.

ಬ್ಲೆಂಡ್ ಮೋಡ್ ತನ್ನ ಕೆಳಗಿರುವ ಪದರದೊಂದಿಗೆ ಲೆಕ್ಕ ಮಾಡುತ್ತದೆ. ನೆಸ್ಟ್‌ನ ಒಳಗೆ ಆ ಕ್ಲಿಪ್‌ನ ಕೆಳಗೆ ಏನೂ ಇಲ್ಲ, ಆದ್ದರಿಂದ ಕಪ್ಪು ಕಪ್ಪಾಗಿಯೇ ಹೊರಬರುತ್ತದೆ. ಹೊರಗಿನ ಟೈಮ್‌ಲೈನ್‌ನಲ್ಲಿ ನೆಸ್ಟ್ ಆದ ಕ್ಲಿಪ್‌ಗೇ ಸ್ಕ್ರೀನ್ ಹಾಕಿ. ಅಡ್ಜಸ್ಟ್‌ಮೆಂಟ್ ಲೇಯರ್‌ಗೂ (ತನ್ನ ಕೆಳಗಿನ ಪದರಗಳಿಗೆಲ್ಲ ಎಫೆಕ್ಟ್ ಹಾಕುವ ಖಾಲಿ ಪದರ) ಇದೇ ನಿಯಮ: ನೆಸ್ಟ್ ಒಳಗೆ ಹೋದರೆ ಅದರ ಪ್ರಭಾವ ಒಳಗಿನ ಪದರಗಳಿಗೆ ಸೀಮಿತ. ಅಂದಹಾಗೆ, ನೆಸ್ಟ್ ಮಾಡಿದರೆ ಟೈಮ್‌ಲೈನ್ ಚೊಕ್ಕಟವಾಗುತ್ತದೆಯೇ ಹೊರತು ಪ್ರಿವ್ಯೂ ಹಗುರವಾಗುವುದಿಲ್ಲ. ಒಳಗಿನ ಪದರಗಳೆಲ್ಲ ಹಾಗೇ ಇರುತ್ತವಲ್ಲ.

ಪ್ರಶ್ನೆ: ಶೀರ್ಷಿಕೆಗಳ ಟ್ರ್ಯಾಕ್ ಅಲುಗಾಡದಿರಲಿ ಎಂದು ಬೀಗ ಹಾಕಿದ್ದೆ. ನಡುವೆ ಒಂದು ದೃಶ್ಯ ಸೇರಿಸಿದ ಮೇಲೆ ಎಲ್ಲ ಶೀರ್ಷಿಕೆಗಳೂ ತಪ್ಪು ಜಾಗದಲ್ಲಿವೆ.

ಶೀರ್ಷಿಕೆಗಳು ಇದ್ದಲ್ಲೇ ಇವೆ, ಉಳಿದ ಟ್ರ್ಯಾಕ್‌ಗಳು ಮುಂದೆ ಸರಿದಿವೆ. ಬೀಗ ಹಾಕಿದ ಟ್ರ್ಯಾಕ್ ಇನ್ಸರ್ಟ್‌ಗೂ (ನಡುವೆ ಸೇರಿಸುವುದು) ರಿಪಲ್ ಡಿಲೀಟ್‌ಗೂ (ಅಳಿಸಿ ಖಾಲಿ ಜಾಗ ಮುಚ್ಚುವುದು) ಬಗ್ಗುವುದಿಲ್ಲ. ಅನ್‌ಡೂ ಮಾಡಿ, ಬೀಗ ತೆಗೆದು, ಪ್ರೀಮಿಯರ್‌ನಲ್ಲಾದರೆ ಎಲ್ಲ ಟ್ರ್ಯಾಕ್‌ಗಳ ಸಿಂಕ್ ಲಾಕ್ (ಟ್ರ್ಯಾಕ್‌ಗಳನ್ನು ಒಟ್ಟಿಗೆ ಸರಿಸುವ ಗುರುತು) ಆನ್ ಇದೆಯೇ ನೋಡಿ ಮತ್ತೆ ಸೇರಿಸಿ. ರಿಸಾಲ್ವ್‌ನಲ್ಲಿ ಈ ಕೆಲಸ ಆಟೊ ಸೆಲೆಕ್ಟ್ ಗುರುತಿನದು. ಬೀಗ ಹಾಕುವುದು ಕತ್ತರಿ ಕೆಲಸ ಪೂರ್ತಿ ಮುಗಿದ ಮೇಲಿರಲಿ.

ಪ್ರಶ್ನೆ: ಪ್ರಿವ್ಯೂಗಾಗಿ ಮುಚ್ಚಿಟ್ಟ ಟ್ರ್ಯಾಕ್ ಎಕ್ಸ್‌ಪೋರ್ಟ್‌ನಲ್ಲಿ ಬರುತ್ತದೆಯೆ?

ಪ್ರೀಮಿಯರ್‌ನಲ್ಲೂ ರಿಸಾಲ್ವ್‌ನಲ್ಲೂ ಬರುವುದಿಲ್ಲ. ಪ್ರೀಮಿಯರ್‌ನಲ್ಲಿ ಶಿಫ್ಟ್ ಹಿಡಿದು ಆಫ್ ಆಗಿರುವ ಒಂದು ಕಣ್ಣಿನ ಗುರುತನ್ನು ಒತ್ತಿದರೆ ಎಲ್ಲ ವಿಡಿಯೊ ಟ್ರ್ಯಾಕ್‌ಗಳೂ ಒಟ್ಟಿಗೆ ತೆರೆಯುತ್ತವೆ. ಆದರೆ ಕ್ಲಿಪ್ ಮಟ್ಟದಲ್ಲಿ ನಿಷ್ಕ್ರಿಯಗೊಳಿಸಿದ್ದು ಇದರಿಂದ ಮರಳದು. ಟೈಮ್‌ಲೈನ್‌ನಲ್ಲಿ ಮಂಕಾಗಿ ಕಾಣುವ ಕ್ಲಿಪ್‌ಗಳನ್ನು ಕಣ್ಣಾಡಿಸಿಯೇ ಹುಡುಕಬೇಕು.