ಸರ್ಕಾರದ ಸಾಲ ಜಾಸ್ತಿಯಾದರೆ ಬೆಳೆಯುತ್ತಿರುವ ದೇಶದ ಆರ್ಥಿಕತೆ ಕುಗ್ಗುತ್ತದೆಯೇ?

ಹಾಗೇನಿಲ್ಲ. ಸಾಲ ಎಷ್ಟು ಅನ್ನೋದಕ್ಕಿಂತ, ಅದನ್ನು ಯಾವ ದೇಶದ ಹಣದಲ್ಲಿ ತಂದರು, ಯಾತಕ್ಕೆ ಹಾಕಿದರು ಅನ್ನೋದು ಮುಖ್ಯ.

ನಾನಿರುವ ಮುಂಬೈಯನ್ನೇ ನೋಡಿ. 2024ರಲ್ಲಿ ತೆರೆದ, ಸುಮಾರು 22 ಕಿ.ಮೀ. ಉದ್ದದ ಅಟಲ್ ಸೇತುವಿಗೆ ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿದೆ. ಬಡ್ಡಿ ಕಡಿಮೆ, ತೀರಿಸಲು ದಶಕಗಳ ಗಡುವು. ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಉಡುಪಿ ಕಡೆಯವರು ಸಾಲ ಮಾಡಿ ದೊಡ್ಡ ಗ್ರೈಂಡರ್ ತಂದರೆ ವ್ಯಾಪಾರ ಬೆಳೆಯುತ್ತದೆ, ಅಲ್ವಾ? ಅದೇ ಸಾಲ ಮನೆಯ ದಿನಸಿಗೆ ಹೋದರೆ ಬಡ್ಡಿ ಮಾತ್ರ ಉಳಿಯುತ್ತದೆ.

ನಿಜವಾದ ಅಪಾಯ ಡಾಲರ್ ಸಾಲದಲ್ಲಿದೆ. ಜಪಾನಿನ ಸಾಲ ಅದರ ಜಿಡಿಪಿಯ, ಅಂದರೆ ದೇಶದ ವರ್ಷದ ಒಟ್ಟು ಉತ್ಪಾದನೆಯ, ಎರಡು ಪಟ್ಟಿಗಿಂತ ಜಾಸ್ತಿ. ಆದರೆ ಅದು ಅವರದೇ ಹಣವಾದ ಯೆನ್‌ನಲ್ಲಿದೆ, ಹೆಚ್ಚಿನದು ತಮ್ಮವರಿಂದಲೇ ತಂದದ್ದು; ತೀರಿಸಲು ಡಾಲರ್ ಹುಡುಕಬೇಕಿಲ್ಲ. ಶ್ರೀಲಂಕಾಗೆ ಆ ಅನುಕೂಲ ಇರಲಿಲ್ಲ. 2019ರ ಕೊನೆಗೆ ತೆರಿಗೆ ಇಳಿಸಿದರು, ಆಮೇಲೆ ಕೋವಿಡ್ ಬಂದು ಪ್ರವಾಸಿಗರು ನಿಂತರು, ಡಾಲರ್ ಖಾಲಿಯಾಯಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಡಾಲರ್ ಎದುರು ರೂಪಾಯಿ ಕುಸಿದರೆ ಡಾಲರ್ ಸಾಲ ಸುಮ್ನೆ ಕೂತಲ್ಲೇ ಊದಿಕೊಳ್ಳುತ್ತದೆ.

ನಮಗೂ ಆ ನೋವು ಗೊತ್ತು. 1991ರಲ್ಲಿ ವಿದೇಶಿ ಹಣ ಖಾಲಿಯಾಗುತ್ತಾ ಬಂದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇದೇ ಮುಂಬೈಯಿಂದ ವಿಮಾನದಲ್ಲಿ ಕಳಿಸಿ ಅಡ ಇಟ್ಟಿತ್ತು.